ನೀನು ತಿದ್ದಿಸಿದ ಇಂಗ್ಲಿಷ್ ಸಾಲು

ಮಗಾ,

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣು.

ಹೋದ ವಾರ ನೀನು ನನ್ನ ಕೈಹಿಡಿದು ‘ಐ ಹ್ಯಾವ್ ನೋ ಅಬ್ಜೆಕ್ಷನ್’ ಅಂತ ಬರೆಸಿದೆ. "ನಲ್ಲಿ ಹಾಕಿಸೋ ಅರ್ಜಿಗೆ ಹೀಗೇ ಬರೀಬೇಕಮ್ಮಾ" ಅಂದೆ. ನಾನು ನಾಲ್ಕು ಹಾಳೆ ತಿದ್ದಿ, ಐದನೆಯದರಲ್ಲಿ ತಪ್ಪಿಲ್ಲದೆ ಬರೆದು ಹಿಗ್ಗಿದ್ದೆ.

ಇವತ್ತು ಪಕ್ಕದ ಮನೆ ಮೇಷ್ಟ್ರು ಆ ಸಾಲಿರುವ ಪತ್ರದ ನಕಲು ಪೂರ್ತಿ ಓದಿ ಹೇಳಿದರು. ಮೂವತ್ತು ವರ್ಷ ನಾನು ಬಟ್ಟೆ ಹೊಲಿದ ಮುಂದಿನ ಕೋಣೆಯನ್ನು ನೀನು ಔಷಧಿ ಅಂಗಡಿಯವನಿಗೆ ಮಾರುವುದಕ್ಕೆ ನನ್ನ ತಕರಾರಿಲ್ಲವಂತೆ. ನಿನಗೆ ಅ ಆ ಇ ಈ ತಿದ್ದಿಸಿದ್ದು ಅದೇ ಕೋಣೆಯ ನೆಲದ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡಿನಲ್ಲಿ. ಮರೆತೆಯಾ?

ಹಾಲು ಕಾಯಿಸಿಡು. ಬೀಗದ ಕೈ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದೆ.

ನಾನು ನೋಂದಣಿ ಕಚೇರಿಗೆ ಹೊರಟೆ. ಅದೇ ಸಾಲು ತಿರುಗಿ ಬರೆದಿದ್ದೇನೆ, ಕೊಟ್ಟು ಬರುತ್ತೇನೆ. ‘ನೋ’ ತೆಗೆದು ‘ಆ್ಯನ್’ ಹಾಕಬೇಕಂತೆ, ಮೇಷ್ಟ್ರು ತೋರಿಸಿದರು. ಇದಕ್ಕೆ ಒಂದೇ ಹಾಳೆ ಸಾಕಾಯಿತು.

ಅಮ್ಮ