ಇರಲಿ ಎಂಬ ಗುಂಡಿ

ಹೊಸ ಎಣಿಕೆ ೨೧೪, ಹದಿಮೂರನೆಯ ತಿಂಗಳ ಮೂವತ್ತೈದು
ಮೇಲ್ದಂಡೆ ಓದುಮನೆ, ಘಟಪ್ರಭಾ ತೀರ

ಮಾನ್ಯ ಮಹಾನಂದಾ ಬಡಿಗೇರ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯ ತಿಂಗಳು ಎಷ್ಟು ದಿನ ಎಂಬುದನ್ನು ಹೊಳೆಯ ನೀರು ನೋಡಿ ತೀರ್ಮಾನಿಸುತ್ತೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಓದುಮನೆಯಲ್ಲಿ ಒಂದು ಪದ್ಧತಿಯಿದೆ. ಯಾರ ಕೈಯಿಂದ ಏನು ಹಾಳಾಯಿತೋ ಅವರು ಅದನ್ನು ಉಳಿಸಿಟ್ಟಿದ್ದವರಿಗೆ ಒಂದು ಕಾಗದ ಬರೆಯಬೇಕು. ಅದಕ್ಕೆ ತಪ್ಪೋಲೆ ಎನ್ನುತ್ತೇವೆ. ತಲುಪುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನೀವು ಜೋಪಾನ ಮಾಡಿದ್ದನ್ನು ನಾನು ಅಳಿಸಿದ್ದೇನೆ. ಅದು ಚಿಗರಿ ಎಂಬ ಆರು ವರ್ಷದ, ಕಿವಿ ಕೇಳದ ಹುಡುಗಿಗೆ ಸಿಗಬೇಕಾಗಿತ್ತು.

ನಿಮ್ಮ ಅಂತರ್ಜಾಲ ಈಗಿಲ್ಲ. ಬ್ರೌಸರ್ ಎಂಬುದನ್ನೂ ನಾನು ಕಂಡವಳಲ್ಲ, ಲೋಕವೆಲ್ಲ ಕಾಣುತ್ತಿದ್ದ ಕಿಟಕಿ ಎಂದು ಹಿರಿಯರು ಹೇಳುತ್ತಿದ್ದರು. ಆ ಕಿಟಕಿಯ ಮೂಲೆಗೆ ನೀವು ‘ಜೋಳಿಗೆ’ ಎಂಬ ಎಕ್ಸ್‌ಟೆನ್ಶನ್ ಕಟ್ಟಿ ತೂಗುಹಾಕಿದಿರಿ. ಬಾಗಲಕೋಟೆಯ ಕಿವುಡ ಮಕ್ಕಳ ಶಾಲೆಯಲ್ಲಿ ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಏಳು ಮಂದಿ ಟೀಚರುಗಳು ಉಪಯೋಗಕ್ಕೆ ಬಂದ ಪುಟ ಕಂಡಾಗಲೆಲ್ಲ ಗುಂಡಿ ಒತ್ತಿ ಅದರೊಳಗೆ ಹಾಕುತ್ತಿದ್ದರು, ಒತ್ತಿದ ಗುಂಡಿಯ ಮಾತು ಪುಟದ ನೆತ್ತಿಯ ಮೇಲೆ ಮೂಡುತ್ತಿತ್ತು. ಮುಂದೆ ಯಾರೋ ಪುಣ್ಯಾತ್ಮರು ಆ ಜೋಳಿಗೆಯನ್ನು ಇಡಿಯಾಗಿ ಹೊರೆಕಲ್ಲಿಗೆ ಇಳಿಸಿದರು. ಹೊರೆಕಲ್ಲು ಅಂಗೈಯಗಲದ ಬಿಲ್ಲೆ, ಸಾವಿರಾರು ಪುಟ ಹಿಡಿಯುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಅದನ್ನು ಓದುಹಲಗೆಯ ಮೇಲಿಟ್ಟರೆ ಅಕ್ಷರಗಳು ಮೂಡುತ್ತವೆ, ಮೋಡವಿದ್ದ ದಿನ ಓದುಮನೆಗೆ ರಜೆ. ಜನ ರೊಟ್ಟಿ ಕಟ್ಟಿಕೊಂಡು ಬಂದು ಜಗುಲಿಯಲ್ಲಿ ಸಾಲಾಗಿ ಕೂರುತ್ತಾರೆ. ಎಮ್ಮೆ ಕೆಚ್ಚಲು ಬಾತಿದ್ದಕ್ಕೆ, ಪಂಪು ನೀರೆತ್ತದ್ದಕ್ಕೆ, ಬಾಣಂತಿಯ ಜ್ವರಕ್ಕೆ ಅಲ್ಲಿ ಏನಾದರೂ ಸಿಕ್ಕುತ್ತದೆ. ಮೂವತ್ತು ವರ್ಷಕ್ಕೆ ಕಲ್ಲು ಪುಡಿಯಾಗತೊಡಗುವುದರಿಂದ ಅದರಲ್ಲಿದ್ದದ್ದನ್ನು ಹೊಸ ಕಲ್ಲಿಗೆ ದಾಟಿಸಬೇಕು. ಹೊಸದರಲ್ಲಿ ಜಾಗ ಅರ್ಧವೇ. ಯಾವ ಅರ್ಧವನ್ನು ದಾಟಿಸುವುದು ಎಂದು ತೀರ್ಮಾನಿಸುವುದು ನನ್ನ ಕೆಲಸ.

ನಿಮ್ಮ ಪುಟಗಳ ನೆತ್ತಿಯ ಮೇಲೆ ಎರಡೇ ಗುರುತುಗಳಿದ್ದವು. ಕೆಲವಕ್ಕೆ ‘ಇರಲಿ’, ಕೆಲವಕ್ಕೆ ‘ಆಯ್ತು’. ನಮ್ಮಲ್ಲಿ ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದು ‘ಇರಲಿ, ಇರಲಿ’ ಅಂದರೆ ಬೇಡವೆಂದೇ ಅರ್ಥ. ‘ಇರಲಿ ಬಿಡು’ ಅಂದರೆ ಅದರ ಆಸೆ ಬಿಟ್ಟಂತೆ. ‘ಆಯ್ತು’ ಅಂದರೆ ಒಪ್ಪಿಗೆ, ಎಷ್ಟೋ ಮದುವೆಗಳು ಆ ಒಂದು ಮಾತಿನ ಮೇಲೆ ನಿಂತಿವೆ. ಗುರುತನ್ನಷ್ಟೇ ನೋಡಿ ನಾನು ‘ಆಯ್ತು’ಗಳನ್ನೆಲ್ಲ ದಾಟಿಸಿದೆ, ‘ಇರಲಿ’ಗಳನ್ನೆಲ್ಲ ಬಿಟ್ಟೆ. ಇಬ್ಬರು ಕೂತು ಓದಿ ತೀರ್ಮಾನಿಸಬೇಕೆಂಬ ನಿಯಮವಿತ್ತು. ಓದುಮನೆಯ ಹಿರಿಯಳು ಕೆಂಚವ್ವ, “ನೀಲವ್ವ, ಇನ್ನೊಬ್ರ ಕಡೆ ಒಂದ್ಸಲ ಓದಸವಾ” ಎಂದಿದ್ದಳು. ಹಳೆಗಾಲದ ಕನ್ನಡ ನನಗೆ ನೀರು ಕುಡಿದಷ್ಟು ಸಲೀಸು ಎಂದು ಊರೆಲ್ಲ ಹೊಗಳುತ್ತಿದ್ದ ಕಾಲ ಅದು. ನಾನು ನಕ್ಕು ಒಬ್ಬಳೇ ಕೂತೆ. ಹಳೆಯ ಕಲ್ಲನ್ನು ಅಂದೇ ಕರಗಿಸಿದರು, ಅದೂ ನಿಯಮವೇ.

ಎಂಟು ದಿನ ಕಳೆದ ಮೇಲೆ ಹೊಸ ಕಲ್ಲನ್ನು ಸಾವಕಾಶವಾಗಿ ಓದಿದೆ. ಎಂದೋ ಹೊರಟುಹೋದ ರೈಲಿನ ವೇಳೆ, ಮುಗಿದ ಪರೀಕ್ಷೆಯ ಪಟ್ಟಿ, ಯಾವುದೋ ಮಿಕ್ಸರಿಗೆ ಹಬ್ಬದ ರಿಯಾಯಿತಿ. ಒಂದಾದರೂ ಕೆಲಸದ ಪುಟ ಸಿಕ್ಕೀತೆಂದು ಕೊನೆಯವರೆಗೂ ಹುಡುಕಿದೆ. ಅಲ್ಲಿ, ಯಾವ ಗುರುತೂ ಇಲ್ಲದೆ ತಾನಾಗಿ ದಾಟಿ ಬಂದಿದ್ದ ಜೋಳಿಗೆಯ ಕೋಡ್ ಇತ್ತು. ಅದು ನಮಗೆ ಯಾವುದಕ್ಕೂ ಬಾರದ್ದೆಂದು ನಾನು ತಿರುಗಿಯೂ ನೋಡಿರಲಿಲ್ಲ. ಅದರ ನಡುವೆ ನೀವು ನಿಮಗೇ ಬರೆದುಕೊಂಡ ಟಿಪ್ಪಣಿ: “ಗುಂಡಿ ಮ್ಯಾಲೆ ಉಳಿಸು ಅಂತ ಬರದ್ರ ಸರಕಾರಿ ನೋಟಿಸ್ ಆಗತೈತಿ. ಟೀಚರ್ ಮಂದಿ ಚಲೋದು ಕಂಡ್ರ ‘ಇದು ಇರಲಿ’ ಅಂತಾರ, ಅದನ್ನ ಹಾಕೂದು. ಕೆಲಸ ಮುಗದಿದ್ದಕ್ಕ ಆಯ್ತು. ಆಮ್ಯಾಗ ಆಯ್ತು ಅಂದದ್ದೆಲ್ಲಾ ಅಳಸೂದು.”

ಮೊದಲು ನಿಮ್ಮ ಮೇಲೆಯೇ ಸಿಟ್ಟು ಬಂತು. ಉಳಿಸು ಎಂದು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ಒಂದು ಹೊತ್ತೂ ಬಾಳಲಿಲ್ಲ. ನಿಮ್ಮ ಮಾತು ಸರಿಯಾಗಿಯೇ ಇತ್ತು, ನಾನು ಯಾರನ್ನೂ ಕೇಳಲಿಲ್ಲ, ಅಷ್ಟೇ.

ಅದೇ ವಾರ ಗುರುಬಾಯಿ ಎಂಬವಳು ತನ್ನ ಮಗಳು ಚಿಗರಿಯನ್ನು ಕರೆದುಕೊಂಡು ಆಚೆದಂಡೆಯಿಂದ ಬಂದಳು. ಹಳೆಯ ಕಲ್ಲಿನ ಪುಟಗಳ ಪಟ್ಟಿಯಲ್ಲಿ ‘ಕಿವಿ ಕೇಳದ ಮಗುವಿಗೆ ಮೊದಲ ನೂರು ಸನ್ನೆಗಳು’ ಎಂದಿರುವುದನ್ನು ಯಾರೋ ಅವಳಿಗೆ ಹೇಳಿದ್ದರು. ಹೊಳೆ ಇಳಿಯಲೆಂದು ಮೂರು ತಿಂಗಳು ಕಾದು ದಾಟಿ ಬಂದಿದ್ದಳು. ಹೊಟ್ಟೆನೋವೋ, ಹೆದರಿಕೆಯೋ, ಮಗು ಏಕೆ ಅಳುತ್ತದೆಂದು ತಾಯಿಗೇ ತಿಳಿಯುವುದಿಲ್ಲ. ಮೊದಲ ದಿನ, ಮೋಡವಿದೆ, ನಾಳೆ ಬಾ ಎಂದು ಸುಳ್ಳು ಹೇಳಿ ಕಳಿಸಿದೆ. ಆಕಾಶದಲ್ಲಿ ಬಿಸಿಲು ಸುರಿಯುತ್ತಿತ್ತು. ಅವಳು ತಲೆಯೆತ್ತಿ ನೋಡಿದಳು, ಮಗುವಿನ ಕೈ ಹಿಡಿದು ಹೊರಟಳು. ಮಾರನೆಯ ದಿನ ಎಲ್ಲವನ್ನೂ ಹೇಳಿಬಿಟ್ಟೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: “ಅಳಸೂ ಮುಂದ ನೀವು ನೋಡಿರ್ತೀರಲ್ಲಕ್ಕಾ? ಒಂದರ ನೆನಪೈತೇನು?”

ಒಂದು ನೆನಪಿತ್ತು. ಬಲಗೈ ಮುಷ್ಟಿಯನ್ನು ಎದೆಗೆ ಒತ್ತಿ, ಬೆರಳು ಬಿಚ್ಚಿ ಎದುರಿನವರ ಕಡೆ ಚಾಚುವುದು. ಚಿತ್ರ ಕಣ್ಣಿಗೆ ಕಟ್ಟಿದೆ. ಕೆಳಗೆ ಅರ್ಥ ಬರೆದಿದ್ದ ಸಾಲನ್ನು ಮಾತ್ರ ಅವಸರದಲ್ಲಿ ಓದಲಿಲ್ಲ. ಅದನ್ನು ಗುರುಬಾಯಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ, ಸನ್ನೆಯನ್ನಷ್ಟೇ ಮಾಡಿ ತೋರಿಸಿದೆ.

ಈ ಓಲೆ ಹೇಗಾದರೂ ನಿಮ್ಮ ಕೈಸೇರಿದರೆ ಗುಂಡಿಯ ಮೇಲಿನ ಮಾತನ್ನು ಬದಲಿಸಿ ಎಂದು ಕೇಳುವುದಿಲ್ಲ. ಆ ಸನ್ನೆಯ ಅರ್ಥವನ್ನು ಎಲ್ಲಾದರೂ ಒಂದು ಗೋಡೆಯ ಮೇಲೆ, ಕಲ್ಲಿನ ಮೇಲೆ ಬರೆದಿಡಿ, ನಾನು ಹುಡುಕಿಕೊಳ್ಳುತ್ತೇನೆ. ತಾಯಿ ಮಗಳು ಈಗ ಈಚೆದಂಡೆಗೇ ಬಂದು ನೆಲೆಸಿದ್ದಾರೆ. ಚಿಗರಿ ದಿನಾ ಬೆಳಿಗ್ಗೆ ಓದುಮನೆಯ ಬಾಗಿಲಿಗೆ ಬಂದು, ನನ್ನನ್ನು ನೋಡಿ ಮುಖ ಅರಳಿಸಿ, ಮುಷ್ಟಿಯನ್ನು ಎದೆಗೊತ್ತಿ ಬೆರಳು ಬಿಚ್ಚುತ್ತಾಳೆ. ನಾನೂ ಹಾಗೇ ಮಾಡುತ್ತೇನೆ. ಅವಳಿಗೆ ಗೊತ್ತಿರುವ ಮಾತು ಲೋಕದಲ್ಲಿ ಅದೊಂದೇ, ನಾನು ಅವಳಿಗೆ ಏನು ಹೇಳುತ್ತಿದ್ದೇನೆಂದು ನನಗೆ ಗೊತ್ತಿಲ್ಲ.

ತಪ್ಪಿತಸ್ಥೆ,
ನೀಲವ್ವ