ಅಕ್ಕನ ಪಾಲಿನ ಹಳದಿ ಬೆಲ್ಲ

ನಾಗನೂರ
ದಿ. ೧೮-೧೨-೨೦೨೪

ಪ್ರೀತಿಯ ಅನ್ನಪೂರ್ಣಕ್ಕನಿಗೆ ತಮ್ಮ ಮುರಿಗೆಪ್ಪನ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ಬಾಣಂತನಕ್ಕೆ ಬಂದಿರುವ ನಿನ್ನ ಮಗಳು ಸಪ್ನಾ, ಅವಳ ಕೂಸು ಚೆನ್ನಾಗಿದ್ದಾರೆಯೇ? ಅವರ ಆರೈಕೆಯಲ್ಲಿ ನಿನ್ನ ಔಷಧಿ ಮರೆಯಬೇಡ. ಸಾಲೆಯ ಮಕ್ಕಳನ್ನು ಗದರಿಸುವ ನೀನು ನಿನ್ನನ್ನು ಮಾತ್ರ ಗದರಿಸಿಕೊಳ್ಳುವುದಿಲ್ಲ. ಇಲ್ಲಿ ಕಬ್ಬಿನ ಗಾಣ ಶುರುವಾಗಿ ಹದಿನೈದು ದಿನವಾಯಿತು. ಹುಕ್ಕೇರಿಯ ನಿನ್ನ ಸಾಲೆಯ ಮಾಸ್ತರರು ನಲವತ್ತು ಕಿಲೋ ಬೆಲ್ಲ ಕೇಳಿದ್ದಾರೆ, ನಿನಗೆ ಕಳಿಸಿದಂಥ ಹಳದಿ ಬೆಲ್ಲವೇ ಬೇಕಂತೆ ಎಂದು ನೀನು ಹೇಳಿಕಳಿಸಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಅಕ್ಕಾ, ನಿನಗೆ ಕಳಿಸಿದ ಆ ಬೆಲ್ಲದ ಪೆಂಟೆಗೆ ನಾನು ಹೈಡ್ರೋಸ್ ಹಾಕಿದ್ದೆ. ಬೆಲ್ಲಕ್ಕೆ ಬಣ್ಣ ಬರಿಸುವ ಅದೇ ರಾಸಾಯನಿಕ ಪುಡಿ.

ನಾವು ಬೆಲ್ಲ ಮಾರುವ ಚೀಲದ ಮೇಲಿನ ಒಂದೊಂದು ಮಾತನ್ನೂ ಬರೆದುಕೊಟ್ಟವಳು ನೀನು. ‘ಸಾವಯವ’ ಎಂದರೆ ಕಬ್ಬಿಗೆ ಯೂರಿಯಾದಂಥ ಸರಕಾರಿ ಗೊಬ್ಬರವಿಲ್ಲ, ‘ಶೂನ್ಯ ತ್ಯಾಜ್ಯ’ ಎಂದರೆ ಹಿಂಡಿದ ಸಿಪ್ಪೆಯೇ ಒಲೆಗೆ ಉರುವಲು, ‘ರಾಸಾಯನಿಕಮುಕ್ತ’ ಎಂದರೆ ಕೊಪ್ಪರಿಗೆಗೆ ಕೊಳೆ ತೆಗೆಯುವ ಬೆಂಡೆಗಿಡದ ಲೋಳೆ ಬಿಟ್ಟು ಬೇರೇನೂ ಬೀಳಬಾರದು ಎಂದು ನನ್ನಿಂದ ಪಾಠ ಒಪ್ಪಿಸಿಕೊಂಡೆ. “ಬರದಂಗ ಮಾಡಬೇಕೋ ತಮ್ಮಾ, ಮಾಡಾಕ ಆಗಲಿಲ್ಲಂದ್ರ ಬರೀಬ್ಯಾಡ” ಅಂದಿದ್ದೆ. ಮಾರುವ ಬೆಲ್ಲಕ್ಕೆಲ್ಲ ಹಾಗೇ ನಡೆದುಕೊಂಡೆ, ನಿನ್ನಾಣೆ. ತಪ್ಪಿದ್ದು ನಿನ್ನ ಪಾಲಿನದರಲ್ಲಿ ಮಾತ್ರ. ಗಾಣದ ಮೊದಲ ಪೆಂಟೆ ಮದುವೆಯಾಗಿ ಹೋದ ಅಕ್ಕ-ತಂಗಿಗೆ ಸಲ್ಲಬೇಕೆಂಬುದು ನಮ್ಮ ಮನೆಯ ಪದ್ಧತಿ. ಹೋದ ವರ್ಷದ ಕಪ್ಪು ಪೆಂಟೆ ನೋಡಿ ನಿನ್ನ ಅತ್ತೆ ಇಂದ್ರವ್ವ ನೆಂಟರ ಮುಂದೆ, “ಏನವಾ, ನಿನ್ನ ತವರಮನಿ ಬೆಲ್ಲ ಸೆಗಣಿ ಕುಳ್ಳಿನಂಗ ಐತಿ” ಅಂದರು. ನೀನು ನಕ್ಕೆ. ನನಗೆ ನಗಲಾಗಲಿಲ್ಲ. ಈ ಸಲ ಕೂಸು ನೋಡಲು ಬರುವವರೆಲ್ಲರ ಎದುರು ತವರಿನ ಮಾನ ಹೋಗಬಾರದೆಂದು, ಬೆಲ್ಲ ಕಾಯಿಸುವ ಶಿದ್ರಾಮ “ಬ್ಯಾಡ್ರಿ ಸಾವಕಾರ್ರ” ಎಂದರೂ ಕೇಳದೆ ನಿನ್ನ ಪಾಲಿಗೆಂದು ಬೇರೆ ಕಾಯಿಸಿದ ಪಾಕಕ್ಕೆ ಆ ಪುಡಿ ಒಂದು ಹಿಡಿ ಉದುರಿಸಿದೆ. ಬಣ್ಣವೇನೋ ಚಿನ್ನದಂತೆ ಬಂತು. ಅದನ್ನೇ ಸಾಲೆಗೆ ಒಯ್ದು ‘ನನ್ನ ತಮ್ಮನ ಸಾವಯವ ಬೆಲ್ಲ’ ಎಂದು ಎಲ್ಲರಿಗೂ ತೋರಿಸಿದೆಯಂತೆ. ನಾಚಿಕೆಯಾಗುತ್ತಿದೆ ಅಕ್ಕಾ.

ಮಾಸ್ತರರಿಗೆ ಖರೆ ಹೇಳಿಬಿಡು. ಆಮೇಲೂ ಬೇಕೆಂದರೆ ಕಪ್ಪು ಬೆಲ್ಲ ಕಳಿಸುತ್ತೇನೆ. ಮಾವನವರಿಗೂ ಇಂದ್ರವ್ವನವರಿಗೂ ನನ್ನ ಶರಣು ಮುಟ್ಟಿಸು. ಕೂಸಿಗೊಂದು ಮುದ್ದು.

ನಿನ್ನ ತಪ್ಪಿತಸ್ಥ ತಮ್ಮ,
ಮುರಿಗೆಪ್ಪ

ತಾ.ಕ.: ಲಕೋಟೆ ಮುಚ್ಚುವಾಗ ನನ್ನಾಕೆ ಬಂದು, ನೀನು ಅದೇ ಬೆಲ್ಲದಲ್ಲಿ ಸಪ್ನಾಗೆ ಬಾಣಂತಿ ಉಂಡೆ ಕಟ್ಟಿದ್ದೀಯೆಂದು ಹೇಳಿದಳು. ಕೂಸು ಅವಳ ಹಾಲು ಕುಡಿಯುತ್ತದೆ. ಟಪಾಲು ಮುಟ್ಟಲು ಎರಡು ದಿನ ಬೇಕು. ನಿನ್ನ ದನಿ ಕೇಳುವ ಧೈರ್ಯವಿಲ್ಲದೆ ಈ ಪತ್ರ ಬರೆದೆ. ಈಗ ಫೋನ್ ಹಚ್ಚುತ್ತಿದ್ದೇನೆ. ಎತ್ತು ಅಕ್ಕಾ.