ಯಾರ ತೋಳಿನ ಸಕ್ಕರೆ

ಮಾರ್ಚ್ 3

ಬೆಳಿಗ್ಗೆಯಿಂದ ಬರೀ ಆಸ್ಪತ್ರೆ ಆಪ್‌ನ ಪಾಸ್‌ವರ್ಡು. ಒಬ್ಬ ಅಜ್ಜ ಬಿಪಿ ಮೆಷಿನ್ನಿನ ಪಟ್ಟಿಯನ್ನು ಸ್ವೆಟರ್ ಮೇಲೇ ಸುತ್ತಿಕೊಂಡು, ಆಪ್ ಸುಳ್ಳು ಹೇಳುತ್ತದೆ ಎಂದು ಜಗಳಕ್ಕೆ ಬಂದ. ಸ್ವೆಟರ್ ಬಿಚ್ಚಿಸಿದೆ. ಬಿಪಿ ಇಳಿಯಿತು, ಸಿಟ್ಟು ಇಳಿಯಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಕೆಳಗೆ ನನ್ನ ಡೆಸ್ಕು. ಇಂಥವಕ್ಕೆಲ್ಲ ನಾನೇ. ಜನ ಆಪ್ ಅಕ್ಕ ಅನ್ನುತ್ತಾರೆ. ಅನ್ನಲಿ.

ಮಧ್ಯಾಹ್ನ ಮ್ಯಾನೇಜರ್ ಬಂದ. ಆಪ್‌ನ ಶುಗರ್ ಗ್ರಾಫ್‌ನಲ್ಲಿ ಖಾಲಿ ಜಾಗ ಇರುವವರಿಂದ ಆಸ್ಪತ್ರೆ ಕೊಟ್ಟ ಸೆನ್ಸರ್ ವಾಪಸ್ ತಗೊಳ್ಳಬೇಕಂತೆ. ಮೊದಲ ಹೆಸರೇ ಬಾಬಿನ್‌ದು — ಬಟ್ಟೆ ಫ್ಯಾಕ್ಟರಿಯವಳು, ಹೊಲಿಗೆ ಮೆಷಿನ್ನಿನ ದಾರದ ಸುರುಳಿಯಂತೆ ಕೂತಲ್ಲಿ ಕೂರದ್ದಕ್ಕೆ ನಾನಿಟ್ಟ ಹೆಸರು. ಶುಗರ್ ಇಳಿದರೆ ಅವಳಿಗೆ ಗೊತ್ತೇ ಆಗುವುದಿಲ್ಲ. ಬೆವರಿಲ್ಲ, ನಡುಕವಿಲ್ಲ, ಸೀದಾ ಬೀಳುವುದೇ. ತೋಳಿಗಂಟಿದ ಸೆನ್ಸರ್ ಅಳೆಯಬೇಕು, ಹತ್ತಿರವಿರುವ ಫೋನ್ ಕೂಗಬೇಕು. ಫ್ಯಾಕ್ಟರಿಯಲ್ಲಿ ಫೋನೆಲ್ಲ ಗೇಟಿನ ಡಬ್ಬಿಗೆ. ಇನ್ನೆಲ್ಲಿಯ ಗ್ರಾಫು, ಎಲ್ಲಿಯ ಅಲಾರಂ?

ತಗೊಳ್ಳುವುದಿಲ್ಲ ಎಂದೆ. ಗ್ರಾಫ್ ತುಂಬದಿದ್ದರೆ ಸೆನ್ಸರ್ ವಾಪಸ್ ಎಂದು ಅವನೇ ಅವಳಿಗೆ ಎಚ್ಚರಿಕೆಯ ಮೆಸೇಜ್ ಕಳಿಸಿದ.

ಮಾರ್ಚ್ 19

ಬಾಬಿನ್ ಗ್ರಾಫ್‌ನಲ್ಲಿ ಒಂದು ತೂತಿಲ್ಲ. ಫ್ಯಾಕ್ಟರಿಯವರು ಫೋನಿಗೆ ಒಪ್ಪಿರಬೇಕು. ಡಾಕ್ಟರಮ್ಮ ಮಾತ್ರ ರಾತ್ರಿ ಶುಗರ್ ಏರುತ್ತಿದೆ ಎಂದು ಇನ್ಸುಲಿನ್ ಹೆಚ್ಚಿಸಿದ್ದಾರೆ. ತುಂಬಿದ ಗ್ರಾಫ್ ನೋಡಿ ಖುಷಿಯಾಯಿತು ನನಗೆ... ಮ್ಯಾನೇಜರ್ ಮುಖ ನೋಡಿ ಇನ್ನೂ ಖುಷಿ.

ಮಾರ್ಚ್ 24

ಬಾಬಿನ್ ಹೊಲಿಗೆ ಮೆಷಿನ್ ಮೇಲೇ ಬಿದ್ದಳು. ಹುಬ್ಬಿಗೆ ಪೆಟ್ಟು, ನಮ್ಮ ಆಸ್ಪತ್ರೆಗೇ ತಂದರು. ಅವಳ ಫೋನ್ ನೋಡಿದರೆ ಆ ಹೊತ್ತಿನ ಶುಗರ್ ಸರಿಯಾಗಿಯೇ ಇದೆ. ಗ್ರಾಫ್ ಹಿಂದಕ್ಕೆ ಸರಿಸಿದೆ. ದಿನಾ ನಡುರಾತ್ರಿ ಏರು. ಮಲಗಿದವಳಿಗೆ ಆಗ ಸಿಹಿ ಎಲ್ಲಿಂದ? ಮಂಚದ ಪಕ್ಕ ಅವಳ ಗಂಡ, ನೈಟ್ ವಾಚ್‌ಮನ್. ತೋಳು ಮುಚ್ಚಿಕೊಂಡ. ಅಂಗಿಯ ತೋಳು ಮಡಿಸು ಎಂದೆ. ಅವಳ ಸೆನ್ಸರ್ ಅಲ್ಲಿತ್ತು.

"ಫೋನ್ ನನ್ ಹತ್ರಾನೇ ಇಟ್ಕೊಂಡೆ ಅಕ್ಕಾ. ಗೀಟು ತುಂಬಿದ್ರೆ ವಾಪಸ್ ಕೇಳಲ್ಲ ಅಂದ್ಕೊಂಡ್ವಿ."

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ಡ್ಯೂಟಿಯಲ್ಲಿ ಸಕ್ಕರೆ ಚಹಾ ಕುಡಿದವನು ಅವನು, ಇನ್ಸುಲಿನ್ ಚುಚ್ಚಿಕೊಂಡವಳು ಇವಳು. ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದೆ. ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಡೋಸ್ ಇಳಿಸಿದರು, ಹೊಸ ಸೆನ್ಸರ್ ಇವಳ ತೋಳಿಗೇ ಅಂಟಿಸಿದರು.

ಮಾರ್ಚ್ 25

ಮೋಸ ಮಾಡಿದ್ದಾರೆ, ಸೆನ್ಸರ್ ಪಟ್ಟಿಯಿಂದ ಅವಳ ಹೆಸರು ತೆಗೆ ಅಂತ ಮ್ಯಾನೇಜರ್. ಹೆದರಿಸಿದ್ದು ನಾವು, ಮೋಸ ಅವರದ್ದಂತೆ. ಕೈಕಟ್ಟಿ ಕೂತೆ. ನಿನ್ನ ಡೆಸ್ಕೇ ತೆಗೆಸುತ್ತೇನೆ ಎಂದ. ತೆಗೆಸು ಎಂದೆ.

ಮಾರ್ಚ್ 28

ರಜೆ ಹಾಕಿ ಬಾಬಿನ್ ಜೊತೆ ಫ್ಯಾಕ್ಟರಿಗೆ ಹೋದೆ. ಫೋನ್ ಬೇಡ ಅನ್ನುವುದು ಕ್ಯಾಮೆರಾ ಕಾರಣಕ್ಕಂತೆ, ಡಿಸೈನ್ ಕದಿಯುತ್ತಾರಂತೆ. ಅವಳ ಫೋನಿನ ಕ್ಯಾಮೆರಾ ಮೇಲೆ ನಾನೇ ಪ್ಲಾಸ್ಟರ್ ಮೆತ್ತಿದೆ. ಸೂಪರ್‌ವೈಸರ್ ಹಾಡಿದ್ದೇ ಹಾಡಿದ — ರೂಲ್ಸು, ರೂಲ್ಸು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಬಿನ್ ಮುಂದೆ ಬಂದಳು.

"ಇನ್ನೊಂದ್ ಸಲ ಬಿದ್ರೆ ಏಳ್ತೀನೋ ಇಲ್ವೋ ಗೊತ್ತಿಲ್ಲ ಸಾರ್. ಫೋನ್ ನನ್ ಸೊಂಟದಲ್ಲೇ ಇರುತ್ತೆ. ಬೇಕಿದ್ರೆ ಎಲ್ರೆದುರು ನೀವೇ ಕಿತ್ಕೊಳ್ಳಿ."

ಮೆಷಿನ್‌ಗಳು ಒಂದೊಂದಾಗಿ ನಿಂತವು. ಅವನು ಕಿತ್ತುಕೊಳ್ಳಲಿಲ್ಲ.

ಏಪ್ರಿಲ್ 4, ಬೆಳಿಗ್ಗೆ

ನಿನ್ನೆ ಬಾಬಿನ್ ಫೋನ್ ಕೂಗಿತಂತೆ, ಹೊಲಿಗೆ ನಡುವೆ. ಗ್ಲೂಕೋಸ್ ತಿಂದು, ಸ್ವಲ್ಪ ಕೂತು, ಮತ್ತೆ ಹೊಲಿದಳಂತೆ. ಅಷ್ಟೇ ಕಥೆ. ಅವಳ ಹೆಸರು ತೆಗೆಯಕೂಡದು ಎಂದು ಡಾಕ್ಟರಮ್ಮ ಸಹಿ ಹಾಕಿದ್ದಾರೆ. ನನ್ನನ್ನು ಉಳಿಸಲು ಆ ಸಹಿ ಸಾಲದು. ನಾಳೆಯಿಂದ ಬರಬೇಡ ಎಂದು ಮೇಲ್ ಬಂದಿದೆ.

ನಾಳೆಯಿಂದ ತಾನೇ? ಇವತ್ತಿನ ಸಾಲು ಬಾಗಿಲು ದಾಟಿದೆ. ಮುಂದಿನವಳು ತುಂಬು ಗರ್ಭಿಣಿ, ಕೈಯಲ್ಲಿ ಹೊಸ ಬಿಪಿ ಮೆಷಿನ್, ಪ್ಯಾಕೆಟ್ ಕೂಡ ಒಡೆದಿಲ್ಲ. ಮ್ಯಾನೇಜರ್ ಮೆಟ್ಟಿಲಿಳಿದು ಬರುತ್ತಿದ್ದಾನೆ. ಬರಲಿ, ಸಾಲಿನ ಹಿಂದೆ ನಿಲ್ಲಲಿ. ಕೂರಮ್ಮ ಎಂದೆ ಅವಳಿಗೆ. ಕೂತಳು, ತೋಳು ಚಾಚಿ —